ನಡಿಗೆ ನೋಡ್ರಿ

ಹೊಸದುರ್ಗದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕೋಳಿಮರಿಗಳನ್ನೂ ನಡೆಸಿಯೇ ಗಂಡು ಹೆಣ್ಣು ಹೇಳುತ್ತಿದ್ದರು. ನಮ್ಮ ಹಿತ್ತಿಲಲ್ಲಿ ರಾಗಿ ಚೆಲ್ಲಿ, ಕೈ ಹಿಂದೆ ಕಟ್ಟಿ ನಿಂತು, "ಜುಟ್ಟು ಬಿಡ್ರಿ, ನಡಿಗೆ ನೋಡ್ರಿ. ಎದೆ ಎತ್ಕಂಡು ನಡೆಯೋದು ಹುಂಜ" ಎನ್ನುತ್ತಿದ್ದರು. ಅವರ ಕೊರಳಲ್ಲಿ ಸೀಟಿ ಇತ್ತು; ಅಥವಾ ನೆನಪಿನಲ್ಲಿ ಅದನ್ನು ನಾನೇ ಈಗ ನೇತುಹಾಕುತ್ತಿದ್ದೇನೆ.

ಅಣ್ಣನ ಮುರಿದ ಕಾಲು ಕೂಡಿದರೆ ಮಾರಮ್ಮನಿಗೆ ಹುಂಜ ಕೊಡುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಳು. ಕಾಲು ಕೂಡಿತು. ಮೇಷ್ಟ್ರು ಹುಂಜವೆಂದು ಆರಿಸಿದ ಕೆಂಪು ಮರಿಯ ಕಾಲಿಗೆ ಹರಕೆಯ ದಾರ ಕಟ್ಟಿದಳು. ಅವರು ಹ್ಯಾಟೆಯೆಂದ ಕಪ್ಪು ಮರಿಯನ್ನು ಮೊಟ್ಟೆಗೆಂದು ಉಳಿಸಿಕೊಂಡಳು.

ಕೆಲವು ತಿಂಗಳಲ್ಲಿ ಕಪ್ಪು ಹ್ಯಾಟೆಗೆ ದೊಡ್ಡ ಜುಟ್ಟು ಬಂತು. ನಸುಕಿನಲ್ಲಿ ಹಿತ್ತಿಲಿಂದ ಕೂಗೂ ಕೇಳತೊಡಗಿತು.

"ಆಚೆ ಬೀದಿದು ಬಿಡಮ್ಮ" ಎಂದರು ಮೇಷ್ಟ್ರು. ನಮಗೆಲ್ಲ ಸಾಲಲ್ಲಿ ನಿಲ್ಲಲು ಕಲಿಸಿದವರು. ಅಮ್ಮನೂ ಆಚೆ ಬೀದಿಯದೇ ಅಂದುಕೊಂಡಳು.

ಹರಕೆಯ ಬೆಳಿಗ್ಗೆ, ದಾರ ಕಟ್ಟಿಸಿಕೊಂಡ ಹುಂಜ ಸೌದೆಯ ಮೇಲೆ ಕೂತು ಮೊಟ್ಟೆಯಿಟ್ಟಿತು.

"ಹ್ಯಾಟೆ ಹಿಡ್ಕಂಡು ಹೋಗಿ ಮಾರಮ್ಮಂಗೆ ಏನ್ ಮುಖ ತೋರಿಸ್ಲಿ ಮೇಷ್ಟ್ರೇ?" ಅಮ್ಮನ ಕಣ್ಣು ತುಂಬಿತ್ತು.

ಮೇಷ್ಟ್ರು ಬೆಚ್ಚಗಿನ ಮೊಟ್ಟೆಯನ್ನು ತಿರುಗಿಸಿ ನೋಡಿದರು. ಆಗಲೇ ಕಪ್ಪು ಹ್ಯಾಟೆ ಗೋಡೆ ಹತ್ತಿ ಕೂಗಿತೆಂದು ನನ್ನ ನೆನಪು. ಅಮ್ಮ ಒಪ್ಪುವುದಿಲ್ಲ, ಕಥೆ ಚೆನ್ನಾಗಲೆಂದು ನಾನೇ ಕೂಗಿಸುತ್ತೇನಂತೆ.

ಆಮೇಲಿನದಕ್ಕೆ ಮಾತ್ರ ಇಬ್ಬರೂ ಸಾಕ್ಷಿ. ಮೇಷ್ಟ್ರು ಮೊಟ್ಟೆಯನ್ನು ಜೇಬಿಗಿಟ್ಟುಕೊಂಡು, ಕೆಂಪು ಕೋಳಿಯ ದಾರ ಬಿಚ್ಚಿ, ತಾವೇ ಕಪ್ಪು ಕೋಳಿಯ ಕಾಲಿಗೆ ಕಟ್ಟಿದರು.

"ಇದ್ರ ನಡಿಗೆ ಮ್ಯಾಲೆ ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು."