ಮಗುವಿನ ನೆತ್ತಿಯ ವಾಸನೆ

ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದರು. ಹೋದ ವರ್ಷ ಜ್ವರ ಬಂದು ಬಿಟ್ಟ ಮೇಲೆ ಆ ಮೂಗಿನಲ್ಲಿ ಉಳಿದದ್ದು ಕೋಪವೊಂದೇ. ಮೊದಮೊದಲು ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಆಮೇಲೆ ಬಂತು, ಆದರೆ ಎಲ್ಲದರಿಂದಲೂ ಒಂದೇ ವಾಸನೆ, ಕೊಳೆತ ಕೊಬ್ಬರಿಯದು. ಕಾಫಿ, ಸಾರು, ಸೋಪು, ಹಾಸಿಗೆ, ಎಲ್ಲ ಅದೇ.

ನಮ್ಮ ಕಡೆ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅಷ್ಟು ದಿನವೂ ಕೆಳಗೆ ಓಡಾಡುವವರ ಮೂಗೇ ಅದಕ್ಕೆ ಕಾವಲು. ನಮ್ಮ ಮನೆಯಲ್ಲಿ ಆ ಮೂಗು ನನ್ನದಾಗಿತ್ತು. ಅಟ್ಟವೆಲ್ಲ ಕೊಳೆಯುತ್ತಿದೆ ಎಂದು ನಾನು ಹಟ ಹಿಡಿದಾಗ ಯಜಮಾನರು ಎದುರಾಡದೆ ಅಷ್ಟೂ ಕಾಯಿ ಇಳಿಸಿ ಒಡೆಸಿದರು. ಒಂದೂ ಕೊಳೆತಿರಲಿಲ್ಲ. ಎಲ್ಲ ಇನ್ನೂ ಹಸಿ. ಅವರು ಬೈದಿದ್ದರೆ ವಾಸಿಯಿತ್ತು, ಹೋಳುಗಳನ್ನು ಗೋಣಿಗೆ ತುಂಬತೊಡಗಿದರು.

ಕೊಬ್ಬರಿ ಹಾಳಾಗಿ ಹೋಗಲಿ. ಮಗಳು ಬಾಣಂತನಕ್ಕೆ ಬಂದಳು, ಹೆಣ್ಣುಮಗು ಹುಟ್ಟಿತು. ಎತ್ತಿಕೊಂಡು ನೆತ್ತಿಗೆ ಮೂಗಿಟ್ಟೆ. ಅದೇ ನಾತ. ಮಗುವನ್ನು ಮಂಚದ ಮೇಲೆ ಬಿಟ್ಟು ಹಿತ್ತಿಲಿಗೆ ಓಡಿದೆ. ಅಂದಿನಿಂದ ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಮುಖ ತಿರುಗಿಸಿಕೊಂಡೇ ಇರುತ್ತಿದ್ದೆ. ಒಂದು ದಿನ ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡೇ ಕೇಳಿದಳು: "ಹೆಣ್ಣಾಯ್ತು ಅಂತ ತಾನೇ ನಿಂಗೆ ಅಸಹ್ಯ?"

ಅಲ್ಲ ಕಣೇ ಅಂದೆ. ಇನ್ನೇನು ಎಂದಳು. ಬಸುರಿ ಚಿಂತೆ ಮಾಡದಿರಲೆಂದು ನನ್ನ ಮೂಗು ಸರಿಹೋಯ್ತು ಅಂತ ಅವಳಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಈಗ ನಿನ್ನ ಕೂಸು ನಾರುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ?

ನನ್ನ ತಮ್ಮನ ಮಗಳು ತುಮಕೂರಿನ ಆಚೆ ಸೆಂಟು ತಯಾರಿಸುವ ಲ್ಯಾಬಿನಲ್ಲಿದ್ದಾಳೆ. ಅಷ್ಟೊಂದು ವಾಸನೆಗಳಲ್ಲಿ ಯಾವುದಾದರೂ ಒಂದು ನನ್ನ ಮೂಗನ್ನು ಎಬ್ಬಿಸೀತು ಎಂಬ ಆಸೆಯಿಂದ ನಮ್ಮೂರು ಹೊನ್ನವಳ್ಳಿಯಲ್ಲಿ ಬಸ್ಸು ಹತ್ತಿದೆ. ಲ್ಯಾಬಿನ ಬಾಗಿಲಲ್ಲೇ ಮುಡಿದ ಮಲ್ಲಿಗೆ ತೆಗೆಸಿದರು. ಹೊರಗಿನ ವಾಸನೆ ಒಳಗೆ ಬರಬಾರದಂತೆ. ನನಗೇ ಗೊತ್ತಾಗದ ಮಲ್ಲಿಗೆ ಅವರಿಗೆ ತೊಂದರೆ ಕೊಡುತ್ತಿತ್ತು.

ಒಳಗೆ ಆಸ್ಪತ್ರೆಯ ಹಾಗೆ ತಣ್ಣಗಿತ್ತು. ಮೆಟ್ಟಿಲು ಮೆಟ್ಟಿಲಾದ ಹಲಗೆಗಳ ಮೇಲೆ ಕಂದು ಬಣ್ಣದ ಪುಟ್ಟ ಬಾಟಲಿಗಳು, ಒಂದು ಹನಿಯನ್ನೂ ತೂಗುವ ತಕ್ಕಡಿ, ಬಿಳಿ ಕೋಟಿನ ಹುಡುಗಿಯರು. ತಮ್ಮನ ಮಗಳು ಕಾಗದದ ಪಟ್ಟಿಯನ್ನು ಬಾಟಲಿಗೆ ಅದ್ದಿ ಅದ್ದಿ ಕೊಟ್ಟಳು. ಗುಲಾಬಿ ಎಂದಳು, ಗಂಧ ಎಂದಳು. ನನ್ನ ಮುಖ ನೋಡಿ ಹೆಸರು ಹೇಳುವುದನ್ನೇ ನಿಲ್ಲಿಸಿದಳು. ಮಕ್ಕಳ ಸೋಪಿಗೆಂದು ಅವರು ಹಸುಗೂಸಿನ ನೆತ್ತಿಯ ವಾಸನೆಯನ್ನೇ ಬೆರೆಸಿ ಮಾಡಿದ್ದರು. ಹೆರಿಗೆ ರಜೆ ಮುಗಿಸಿ ಬಂದಿದ್ದ ಒಬ್ಬಳು ಆ ಪಟ್ಟಿ ಮೂಸಿ ಕಣ್ಣು ಮುಚ್ಚಿಕೊಂಡಳು. ನನ್ನ ಕೈಗೆ ಬಂದಾಗ ಅದೂ ಕೊಳೆತ ಕೊಬ್ಬರಿ. ಬಾಟಲಿಗಳನ್ನೆಲ್ಲ ಗೋಡೆಗೆ ಬೀಸಿ ಒಡೆಯಬೇಕೆನ್ನಿಸಿತು.

"ಸರಿಹೋಯ್ತದೇನೇ ಇದು?" ಎಂದು ಕೇಳಿದೆ.

"ಹೋಗ್ಬೋದು ಅತ್ತೆ, ಹೋಗ್ದೇನೂ ಇರ್ಬೋದು. ಸುಳ್ಳು ಹೇಳಿ ಕಳ್ಸಕ್ಕಾಗಲ್ಲ ನಂಗೆ."

ಕೊನೆಗೆ ಊದುಬತ್ತಿಗೆ ಹಾಕುವ ಬಾಟಲಿಯೊಂದನ್ನು ತೆರೆದಳು. ಸಾಂಬ್ರಾಣಿ. ಮೂಗಿಗೆ ಬಂದದ್ದು ನಿಜವಾದ ಸಾಂಬ್ರಾಣಿ, ನನ್ನವ್ವ ಎಣ್ಣೆನೀರಿನ ಮೇಲೆ ನನಗೆ ಹಿಡಿಯುತ್ತಿದ್ದದ್ದೇ. ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಮಗುವಿಗೆ ನೀರು ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದೆ. ಹೊಗೆಯಲ್ಲಿ ಮಗುವನ್ನು ಎದೆಗೊತ್ತಿಕೊಂಡು ನೆತ್ತಿಗೆ ಮೂಗಿಟ್ಟೆ. ನಾತವಿಲ್ಲ. ಮುತ್ತಿಟ್ಟೆ, ಮತ್ತೆ ಇಟ್ಟೆ. ಬಾಗಿಲಲ್ಲಿ ನಿಂತಿದ್ದ ಮಗಳು ಮೊದಲ ಸಲ ನಕ್ಕಳು. ಹೊಗೆ ಇಳಿದರೆ ಆ ನಾತ ಬಂದೀತೆಂಬ ಹೆದರಿಕೆಗೆ ಇನ್ನೊಂದು ಹಿಡಿ ಸುರಿದೆ. ಮಗು ಕೆಮ್ಮಿತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು, ಅಳುವ ದನಿಯೇ ನಿಂತಿತು. ಮಗಳು ಕಿತ್ತುಕೊಂಡು ಅಂಗಳಕ್ಕೆ ಓಡಿದಳು. ಗಾಳಿಗೆ ಮಗು ಕಿರುಚಿದಾಗಲೇ ನನಗೂ ಉಸಿರು ಬಂದದ್ದು.

ಅಂಗಳದಲ್ಲೇ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ, ಫೋನಿನಲ್ಲಿ ಹೇಳಿದ್ದು ಸುಳ್ಳೆಂಬುದನ್ನೂ, ಲ್ಯಾಬಿಗೆ ಹೋಗಿದ್ದನ್ನೂ. ಅವಳು ಮಗುವಿನ ನೆತ್ತಿಯನ್ನು ತುಂಬ ಹೊತ್ತು ಮೂಸಿದಳು.

"ನನ್ನ ಮಗೀಗೆ ಯಾವ ನಾತಾನೂ ಇಲ್ಲ ಕಣವ್ವ. ಹೆಣ್ಣು ಬ್ಯಾಡ ಅಂತ ಬಾಯ್ಬುಟ್ಟು ಅಂದಿದ್ರೆ ಸಾಕಾಗಿತ್ತು."

ಮಗಳು ಫೋನು ಮಾಡಿ ಕರೆಸಿಕೊಂಡ ಅಳಿಯಂದಿರು ಮಧ್ಯಾಹ್ನ ಕಾರು ತಂದರು. ಮಗುವಿನ ಬಟ್ಟೆಯ ಗಂಟನ್ನು ನಾನೇ ಒಯ್ದು ಒಳಗಿಟ್ಟೆ. ಉಸಿರು ಬಿಗಿಹಿಡಿದೇ ಒಯ್ದಿದ್ದೆ. ಮಗಳು ಅದನ್ನೂ ನೋಡಿದಳು.