ಆರು ಕೊಂಬಿನ ನಕ್ಷತ್ರ

ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದದ್ದೇ ತಡ, ಮೂಗಿಗೆ ಉಗುರುಬಣ್ಣದ ವಾಸನೆ ಬಂತು. ಇಷ್ಟು ವರ್ಷದ ಮೇಲೆ ಉಗುರುಬಣ್ಣದ ವಾಸನೆ ಎಲ್ಲಿ ಬರುತ್ತದೆ, ನಿನ್ನ ಭ್ರಮೆ ಎಂದು ನಮ್ಮನೆಯವರು ಹೇಳಿದರು. ನೀವೂ ಹಾಗೇ ಹೇಳಬಹುದು. ಆದರೆ ಅದು ನನ್ನ ಮದುವೆಯ ಉಗುರುಬಣ್ಣ, ನನಗೆ ಗೊತ್ತಾಗದೇ ಇರುತ್ತದೆಯೇ? ಡಬ್ಬಿಯೊಳಗೆ ಹಸಿರು ವೈರು ಸುತ್ತಿ ಸುತ್ತಿ ಗಂಟಾಗಿ ಕೂತಿತ್ತು. ಅದರ ಮೈತುಂಬ ಗೋಡಂಬಿಯಷ್ಟು ದೊಡ್ಡ ಬಲ್ಬುಗಳು, ಕೆಲವು ಕೆಂಪು, ಕೆಲವು ಬಣ್ಣ ಉದುರಿ ಬೋಳು.

ಡಬ್ಬಿ ಕೇಳಿದ್ದು ಎದುರುಮನೆಯ ಲಿಲ್ಲಿ. ಬೆಳಿಗ್ಗೆ ಶಾಲೆಗೆ ಹೊರಟವಳು ಗೇಟಿನ ಹೊರಗೇ ನಿಂತು, ಅಪ್ಪನ ಸೀರಿಯಲ್ ನಿಮ್ಮ ಅಟ್ಟದಲ್ಲಿ ಇನ್ನೂ ಇದೆಯಾ ಎಂದು ವಿಚಾರಿಸಿದಳು. ಈಗ ಅವಳೇ ಮಕ್ಕಳಿಗೆ ಪಾಠ ಹೇಳುವ ಟೀಚರು. ಎಂತಕ್ಕೆ ಎಂದು ಕೇಳಿದರೆ ನಕ್ಕು ಬಸ್ಸಿಗೆ ಓಡಿದಳು. ಕ್ರಿಸ್‌ಮಸ್ಸಿಗೆ ಇನ್ನೂ ಎಷ್ಟು ದೂರ! ಈಗ ಎದುರಿಗಿರುವುದು ದೀಪಾವಳಿ. ಅದೂ ಅಲ್ಲದೆ ಈಗ ಶಿರಸಿ ಪೇಟೆಯಲ್ಲಿ ಚೀನಾದ ಮಿಣುಕು ದೀಪದ ಸರ ಹಪ್ಪಳದ ಬೆಲೆಗೆ ಸಿಗುತ್ತದೆ, ಈ ಅಜ್ಜಿಕಾಲದ ಬಲ್ಬು ಯಾಕೆ? ಕಾರಣ ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ನನ್ನ ಮೂಗು ಎಲ್ಲದರಲ್ಲೂ ತೂರುತ್ತದೆ ಎಂದು ತವರಿನಲ್ಲಿ ಬೈಸಿಕೊಂಡು ಬೆಳೆದವಳು ನಾನು.

ಆ ಸರಕ್ಕೆ ಸೀರಿಯಲ್ ಎಂಬ ಹೆಸರು ಯಾಕೆ ಬಂತು ಎಂಬುದೂ ನನ್ನ ಮೂಗು ತೂರಿದ ವಿಷಯವೇ. ಒಂದರ ಬೆನ್ನಿಗೆ ಒಂದು ಬಲ್ಬು ಕಟ್ಟುವುದಕ್ಕೆ ಹಾಗೆನ್ನುತ್ತಾರೆ, ಒಂದು ಹೋದರೆ ಎಲ್ಲವೂ ಹೋಗುತ್ತವೆ ಎಂದು ಲಿಲ್ಲಿಯ ಅಪ್ಪ ಪಾಸ್ಕಲಣ್ಣ ಹೇಳಿಕೊಟ್ಟಿದ್ದರು. ಅವರದು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಉಳಿದ ವೈರಿನ ತುಂಡುಗಳನ್ನೇ ಜೋಡಿಸಿ ಈ ಸರ ಮಾಡಿದ್ದರು. ನಾನು ಮದುವೆಯಾಗಿ ಶಿರಸಿಗೆ ಬಂದ ವರ್ಷ, ಕ್ರಿಸ್‌ಮಸ್ಸಿಗೆಂದು ಅವರು ಜಗಲಿಯಲ್ಲಿ ಕೂತು ಬಿಳಿ ಬಲ್ಬುಗಳಿಗೆ ಬಣ್ಣ ಹಚ್ಚುತ್ತಿದ್ದರು. ಹೆಂಡತಿ ರೋಜಿಬಾಯಿಯ ಉಗುರುಬಣ್ಣ ಖಾಲಿಯಾಗಿ ಮನೆಯಲ್ಲಿ ಜಗಳ ನಡೆದಿತ್ತು. ಹೊಸ ಮದುಮಗಳ ಬಿಂಕದಲ್ಲಿ ನಾನು ನನ್ನ ಶೀಶೆಯನ್ನು ಕೊಟ್ಟುಬಿಟ್ಟೆ. ವಾಪಸು ಬರುತ್ತದೆಂದು ಎಣಿಸಿದ್ದೆ, ಖಾಲಿ ಶೀಶೆ ಕೂಡ ಬರಲಿಲ್ಲ.

ಆ ಮಳೆಗಾಲದ ಸಿಡಿಲಿಗೆ ನಮ್ಮ ಟಿವಿ ಸುಟ್ಟುಹೋಗಿತ್ತು. ನನ್ನ ಅತ್ತೆಗೆ, ಅಂದರೆ ನಮ್ಮನೆಯವರ ಅಮ್ಮನಿಗೆ, ಟಿವಿ ಧಾರಾವಾಹಿ ಇಲ್ಲದ ದಿನ ಉಪ್ಪಿಲ್ಲದ ಸಾರು. ಅಷ್ಟರಲ್ಲಿ ರೋಜಿಬಾಯಿ ರಸ್ತೆಯಾಚೆಯಿಂದ, ಸಂಜೆ ಸೀರಿಯಲ್ ಹಾಕ್ತೇವೆ, ಬನ್ನಿ ಅಮ್ಮಾ ಎಂದು ಕರೆದರು. ಅತ್ತೆ ದೇವರ ದೀಪವನ್ನು ಬೇಗ ಹಚ್ಚಿ, ಸೀರೆ ಬದಲಿಸಿ ಹೊರಟರು. ನಾನೂ ಬಾಲದಂತೆ ಹಿಂದೆ ಹೋದೆ. ಅಲ್ಲಿ ಟಿವಿ ಎಲ್ಲಿದೆ? ಜಗಲಿಯ ಮೂಲೆಯಲ್ಲಿ ಹುಲ್ಲು ಹಾಸಿ, ಮಣ್ಣಿನ ಗೊಂಬೆ ಇಟ್ಟು ಏಸು ಹುಟ್ಟಿದ ಗೋದಲಿ ಮಾಡಿದ್ದರು, ಮೇಲೆ ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ದೊಡ್ಡ ನಕ್ಷತ್ರ ತೂಗುತ್ತಿತ್ತು. ಅತ್ತೆ ಬೆಂಚಿನ ಮೇಲೆ ಗೋದಲಿಗೆ ಎದುರಾಗಿ ಕೂತು ಕಾದರು. ದನ, ಕುರಿ, ಕೊಟ್ಟಿಗೆ ಎಲ್ಲ ನೋಡಿ ಆಯಿತು. ಕಡೆಗೆ ತಡೆಯಲಾರದೆ ಕೇಳಿದರು, “ಎಂತದು, ಇನ್ನೂ ಶುರು ಆಜಿಲ್ಯ?”

ಪಾಸ್ಕಲಣ್ಣನಿಗೆ ತಕ್ಷಣ ಅರ್ಥವಾಯಿತು. ನಗು ತಡೆದುಕೊಂಡ ಅವರ ಮುಖ ಕೆಂಪಾಗಿದ್ದನ್ನು ನಾನು ನೋಡಿದೆ. ಆದರೆ ಹಿರಿಯರ ಮಾನ ತೆಗೆಯುವ ಮನುಷ್ಯ ಅವರಲ್ಲ.

“ಕೂತ್ಕಳಿ ಅಮ್ಮಾ, ಸೀರಿಯಲ್ ಈಗ ಶುರು,” ಎಂದು ಸ್ವಿಚ್ಚು ಒತ್ತಿದರು.

ಒಳಗಿನ ಸರ ಹೊತ್ತಿ ನಕ್ಷತ್ರದ ಹೊಟ್ಟೆ ತುಂಬಿತು. ಕೆಂಪು ಬೆಳಕು ಅತ್ತೆಯ ಮೂಗುಬೊಟ್ಟಿನ ಮೇಲೂ ಬಿತ್ತು. ಅತ್ತೆಗೆ ತಮ್ಮ ತಪ್ಪು ಗೊತ್ತಾಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೂ ಒಪ್ಪುವ ಹೆಂಗಸಲ್ಲ. ಮರುದಿನವೂ ಅದೇ ಹೊತ್ತಿಗೆ ಹೋಗಿ ಅದೇ ಬೆಂಚಿನಲ್ಲಿ ಕೂತರು. ಕೇಕಿಗೆ ಮೊಟ್ಟೆ ಹಾಕಿದ್ದಾರೆಂದು ಮುಟ್ಟಲಿಲ್ಲ, ನೇವ್ರಿಯನ್ನು ಮಾತ್ರ, ನಮ್ಮ ಕರ್ಜಿಕಾಯಿಯೇ ಅಲ್ಲವೇ ಎಂದು ಎರಡು ಹೆಚ್ಚೇ ತಿಂದರು. ಹೊಸ ಟಿವಿ ಬಂದ ಮೇಲೂ ಕ್ರಿಸ್‌ಮಸ್ಸಿನ ವಾರದಲ್ಲಿ ನಮ್ಮ ಅತ್ತೆಯ ಸೀರಿಯಲ್ಲು ಎದುರುಮನೆಯಲ್ಲೇ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಪಾಸ್ಕಲಣ್ಣ ಅಂಗಡಿಯಲ್ಲೇ ಎದೆನೋವೆಂದು ಕೂತವರು ಏಳಲಿಲ್ಲ. ಲಿಲ್ಲಿ ಆಗ ಒಂದನೇ ಕ್ಲಾಸು ಮುಗಿಸಿದ ಮಗು. ಮಳೆಗಾಲ ಕಳೆದು ಚಳಿ ಹತ್ತಿದ ಮೇಲೆ, ರೋಜಿಬಾಯಿ ಸೆರಗಿನೊಳಗೆ ಈ ಡಬ್ಬಿ ಮುಚ್ಚಿಕೊಂಡು ನಮ್ಮ ಹಿಂಬಾಗಿಲಿಗೆ ಬಂದರು.

“ಈ ವರ್ಷ ನಕ್ಷತ್ರ ಕಟ್ಟೂದಿಲ್ಲ ಅಮ್ಮಾ. ನಮ್ಮಲ್ಲಿ ವರ್ಷ ತುಂಬೂ ತನ್ಕ ಹಬ್ಬ ಇಲ್ಲ. ಲಿಲ್ಲಿ ದಿನಾ ಕೇಳ್ತದೆ. ಇದು ಕಣ್ಣಿಗೆ ಬಿದ್ರೆ ಬಿಡೂದೇ ಇಲ್ಲ, ನಿಮ್ಮಲ್ಲೇ ಇರ್ಲಿ.”

ಲಿಲ್ಲಿ ದಿನವೂ ಶಾಲೆಯಿಂದ ಬಂದು ಜಗಲಿಯ ಕೊಕ್ಕೆಯನ್ನು, ನಕ್ಷತ್ರ ತೂಗಬೇಕಾದ ಆ ಖಾಲಿ ಕೊಕ್ಕೆಯನ್ನು, ಕತ್ತೆತ್ತಿ ನೋಡಿ ಒಳಗೆ ಹೋಗುತ್ತಿತ್ತು. ಅಪ್ಪ ಬರುವುದಿಲ್ಲ ಎನ್ನುವುದು ಅದಕ್ಕೆ ಅರ್ಥವಾಗಿತ್ತು, ಆದರೆ ನಕ್ಷತ್ರವೂ ಯಾಕೆ ಬರಬಾರದು ಎನ್ನುವುದು ಅರ್ಥವಾಗಿರಲಿಲ್ಲ. ನಿಜ ಹೇಳಲೇ, ನನಗೂ ಆಗಿರಲಿಲ್ಲ.

ಎರಡು ದಿನ ಕಳೆದು ಅತ್ತೆ ಬಿದಿರು ಸೀಳಲು ಕೂತರು. ಎಂತಕ್ಕೆ ಎಂದೆ. ನಕ್ಷತ್ರಕ್ಕೆ ಎಂದರು. ರೋಜಿಬಾಯಿ ಬೇಡ ಎಂದಿದ್ದಾರಲ್ಲ ಎಂದೆ.

“ಹಬ್ಬ ಇಲ್ದೇ ಇದ್ದಿದ್ದು ಅವ್ರ ಮನೆಲಿ. ಯಮ್ಮನೆಲಿ ಎಂತ ಆಜು?”

ನಮ್ಮ ಮನೆಗೇನಾಗಿದೆ ಎಂಬುದು ಅವರ ವಾದ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಸಾವಾದ ಮನೆಯಲ್ಲಿ ವರ್ಷವಿಡೀ ಹಬ್ಬಕ್ಕೆ ಎಣ್ಣೆ ಬಾಣಲೆ ಇಡುವುದಿಲ್ಲ, ಆದರೆ ಆ ಮನೆಯ ಮಕ್ಕಳ ಬಾಯಿ ಖಾಲಿ ಇರುವುದೂ ಇಲ್ಲ. ಹಬ್ಬ ಇರುವ ನೆರೆಮನೆಯವರು ಕಜ್ಜಾಯ ಮುಟ್ಟಿಸುತ್ತಾರೆ. ಅತ್ತೆಯ ಲೆಕ್ಕದಲ್ಲಿ ನಕ್ಷತ್ರವೂ ಒಂದು ಕಜ್ಜಾಯ. ಅದನ್ನು ನಮ್ಮ ಜಗಲಿಯಲ್ಲಿ, ಲಿಲ್ಲಿಯ ಕಿಟಕಿಗೆ ಸರಿಯಾಗಿ ಕಾಣುವಲ್ಲಿ ಕಟ್ಟುವುದು. ಅಷ್ಟೇ.

ಬಣ್ಣದ ಕಾಗದ ತರಲು ಪೇಟೆಗೆ ಹೋಗುತ್ತೇನೆಂದೆ. ದುಡ್ಡು ಹೆಚ್ಚಾಗಿದ್ಯಾ ನಿನಗೆ ಎಂದು ಗದರಿ, ಗೋಡೆಯ ತಂತಿಗೆ ಸಿಕ್ಕಿಸಿದ್ದ ಹಳೆಯ ಲಗ್ನಪತ್ರಿಕೆಗಳ ಕಟ್ಟನ್ನು ಇಳಿಸಿದರು. ಕೆಂಪು, ಹಳದಿ, ಗುಲಾಬಿ, ಚಿನ್ನದ ಅಂಚು. ಊರ ಮದುವೆಗಳೆಲ್ಲ ಅಲ್ಲಿದ್ದವು, ನನ್ನದೂ. ರಂಗೋಲಿಯ ಚುಕ್ಕಿ ಇಟ್ಟಂತೆ ಸೂಜಿಯಿಂದ ತೂತು ತೆಗೆದು, ಹೂವಿನ ಎಸಳಿನಂತೆ ಕತ್ತರಿಸಿ, ಬೆಳಕು ಸೋರಲು ದಾರಿ ಮಾಡಿದರು. ಮೈದಾ ಅಂಟು ಕಾಯಿಸುವುದು ನನ್ನ ಕೆಲಸ. ನಾನು ಗಂಟು ಗಂಟು ಮಾಡಿದೆ, ಬೈಸಿಕೊಂಡೆ, ಎರಡನೆಯ ಸಲ ಸೋಸಿ ಕೊಟ್ಟೆ. ಪ್ರತಿ ಪತ್ರಿಕೆಯ ತಲೆಯಲ್ಲೂ ಗಣಪತಿ. ಅವನಿಗೆ ಕತ್ತರಿ ಹಾಕುವಂತಿಲ್ಲ. ಹಾಗಾಗಿ ಒಂದೊಂದು ಕೊಂಬಿನಲ್ಲಿ ಒಬ್ಬೊಬ್ಬ ಗಣಪತಿ ಸೊಂಡಿಲು ಎತ್ತಿ ಕೂತ.

ಎಲ್ಲ ಅಂಟಿಸಿ ಆದ ಮೇಲೆ ನಮ್ಮನೆಯವರು ಬಂದು ನೋಡಿ, ಇದಕ್ಕೆ ಆರು ಕೊಂಬು ಬಂದಿದೆಯಲ್ಲ, ಪಾಸ್ಕಲಣ್ಣನದಕ್ಕೆ ಐದಿತ್ತು ಎಂದರು. ಅತ್ತೆ ಹೊಸಿಲಿಗೆ ಬರೆಯುವ ರಂಗೋಲಿಯ ನಕ್ಷತ್ರ ಎರಡು ತ್ರಿಕೋನದ್ದು. ಅವರ ಕೈಗೆ ಬರುತ್ತಿದ್ದದ್ದು ಅದೊಂದೇ. ಬಿದಿರು ಕಟ್ಟುವಾಗ ಕೈ ಅದೇ ದಾರಿ ಹಿಡಿದಿತ್ತು. ಅತ್ತೆ ಒಂದು ಕ್ಷಣ ಪೆಚ್ಚಾದರು. ಆಮೇಲೆ ಅದೇ ಸರಿ ಎಂಬಂತೆ ಹೇಳಿದರು, “ಐದು ಕೊಂಬಿಂದು ಅವ್ರ ಮನೆದು. ಆರು ಕೊಂಬಿಂದು ಯಮ್ಮನೆದು. ಯಾರೂ ಎಂತೂ ಹೇಳೂಲೆ ಬತ್ತಿಲ್ಲೆ.”

ಹಬ್ಬದ ಮುನ್ನಾದಿನ ಸಂಜೆ ಅದನ್ನು ಜಗಲಿಗೆ ಕಟ್ಟಿ, ಹಿಂದಿನ ಕಿಂಡಿಯಿಂದ ಪಾಸ್ಕಲಣ್ಣನ ಸರವನ್ನು ಒಳಗೆ ಇಳಿಬಿಟ್ಟು ಸ್ವಿಚ್ಚು ಒತ್ತಿದೆವು. ಒಂದೂ ಉರಿಯಲಿಲ್ಲ. ಒಂದು ಬಲ್ಬು ಕೈ ಕೊಟ್ಟಿದೆ, ಯಾವುದೆಂದು ಹೇಗೆ ಹುಡುಕುವುದು? ನಾನು ಎಲ್ಲವನ್ನೂ ಅಲ್ಲಾಡಿಸಿದೆ. ನಮ್ಮನೆಯವರು ನಾನು ಅಲ್ಲಾಡಿಸಿದ್ದನ್ನೇ ಮತ್ತೆ ಅಲ್ಲಾಡಿಸಿದರು. ಎದುರುಮನೆಯ ಕಿಟಕಿಯ ಸರಳು ಹಿಡಿದು ಲಿಲ್ಲಿ ನಿಂತಿತ್ತು. ಅದರ ಹಿಂದೆ ರೋಜಿಬಾಯಿ. ಬೇಡ ಎಂದದ್ದನ್ನು ಮಾಡಿದ್ದಕ್ಕೆ ಏನೆನ್ನುತ್ತಾರೋ ಎಂದು ನಾನು ಅತ್ತೆಯ ಹಿಂದೆ ಸರಿದೆ.

ರೋಜಿಬಾಯಿ ರಸ್ತೆ ದಾಟಿ ಬಂದರು. ಆರು ಗಣಪತಿಗಳನ್ನೂ ನೋಡಿದರು. ಪ್ಲಗ್ಗು ಕಿತ್ತು, ಅದರ ಪಕ್ಕದ ಮೊದಲನೆಯ ಬಲ್ಬನ್ನು ಬಿಚ್ಚಿ, ಚಹಾಪುಡಿ ಪೊಟ್ಟಣದ ಬೆಳ್ಳಿಕಾಗದದ ಚೂರು ಕೇಳಿ ಅದರ ಬುಡಕ್ಕಿಟ್ಟು ತಿರುಪಿದರು.

“ಇದು ಯಾವಾಗ್ಲೂ ಹೀಗೇ. ಅವ್ರು ಹೀಂಗ್ ಮಾಡ್ತಿದ್ರು,” ಎಂದರು.

ಪ್ಲಗ್ಗನ್ನು ಸಿಕ್ಕಿಸಿದ್ದೂ ಅವರೇ. ಬೆಳಕು ಬಂತು. ಎದುರಿನ ಕಿಟಕಿಯಲ್ಲಿ ಲಿಲ್ಲಿ ಕೂಗಿಕೊಂಡಿತು. ರೋಜಿಬಾಯಿ ನಮ್ಮ ಕಂಬಕ್ಕೆ ಒರಗಿ ಅತ್ತರು. ಅತ್ತೆ ಸಮಾಧಾನದ ಮಾತು ಆಡುವವರಲ್ಲ. ರೋಜಿಬಾಯಿಯ ಬೆನ್ನ ಮೇಲೆ ಕೈಯಿಟ್ಟು ನಿಂತರು. ನನಗೂ ಅಳು ಬಂತು. ಮರುದಿನ ಬೀದಿಯವರು, ಇದೇನು ಹೊಸ ಪದ್ಧತಿ ನಿಮ್ಮಲ್ಲಿ ಎಂದು ಮೂಗು ಮುರಿದಾಗ ಅತ್ತೆ, ಹೊಸ ಟಿವಿಯಲ್ಲಿ ಒಳ್ಳೆಯದು ಒಂದೂ ಬರುವುದಿಲ್ಲ, ಅದಕ್ಕೇ ನಾವೇ ಒಂದು ಸೀರಿಯಲ್ ಹಾಕಿದ್ದೇವೆ ಎಂದು ಹೇಳಿ ಕಳಿಸಿದರು. ಮುಂದಿನ ವರ್ಷದಿಂದ ಎದುರಿನ ಕೊಕ್ಕೆಗೆ ಐದು ಕೊಂಬಿನದು ಬಂತು. ಹೊಸ ಸರ ತಂದರು. ಈ ಡಬ್ಬಿ ನಮ್ಮ ಅಟ್ಟದಲ್ಲೇ ಉಳಿಯಿತು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅತ್ತೆ ಈ ಆಷಾಢದಲ್ಲಿ ಹೋದರು. ಈ ವರ್ಷ ನಮ್ಮಲ್ಲಿ ದೀಪಾವಳಿ ಇಲ್ಲ. ಆಕಾಶಬುಟ್ಟಿಯನ್ನು ನಾನು ಅಟ್ಟದಿಂದ ಕೆಳಗಿಳಿಸಲೂ ಇಲ್ಲ. ಡಬ್ಬಿ ಕೊಟ್ಟ ಮೇಲೆ ಮೂರು ದಿನ ಎದುರುಮನೆಯ ಬಾಗಿಲು ಮುಚ್ಚಿಕೊಂಡಿತ್ತು. ನಾಲ್ಕನೆಯ ದಿನ, ಹಬ್ಬದ ಸಂಜೆ, ಬೀದಿಯುದ್ದಕ್ಕೂ ದೀಪ ಹಚ್ಚುವ ಹೊತ್ತಿಗೆ ಲಿಲ್ಲಿ ಬಂದು ಕೈ ಹಿಡಿದು ಕರೆದಳು.

ಅವರ ಜಗಲಿಯ ಕೊಕ್ಕೆಯಲ್ಲಿ ಏನೋ ತೂಗುತ್ತಿತ್ತು. ಮಬ್ಬಿನಲ್ಲಿ ಬೆರಳು ಮಡಚಿ ಕೊಂಬು ಎಣಿಸಿದೆ. ಆರು. ರೋಜಿಬಾಯಿ ತಮ್ಮ ಸೆರಗಿನಿಂದ ಬೆಂಚನ್ನು ಒರೆಸಿದರು. ಎಂತಕ್ಕೆ ಎಂದು ಈ ಸಲ ನಾನು ಕೇಳಬೇಕಾಗಲಿಲ್ಲ. ಅತ್ತೆ ಕೂರುತ್ತಿದ್ದ ಜಾಗವನ್ನು ಬಿಟ್ಟು ಪಕ್ಕದಲ್ಲಿ ಕೂರಲು ಹೋದೆ, ಲಿಲ್ಲಿ ಹೆಗಲು ಹಿಡಿದು ಅಲ್ಲಿಗೇ ಸರಿಸಿದಳು.

“ಕೂತ್ಕಳಿ ಅಕ್ಕಾ, ಸೀರಿಯಲ್ ಈಗ ಶುರು.”