ಒಂದು ಪಾಯಿಂಟ್ ಎರಡರ ಲೆನ್ಸು, ಫೋಟೋ ಅಕ್ಕನ ಬಲಗೈ

ಫೋಟೋ ಅಕ್ಕ ಲೆನ್ಸಿನ ಅಂಗಡಿಗೆ ಬಂದಾಗ ಅವಳ ಬಲಗೈ ಜೇಬಿನಲ್ಲಿತ್ತು. ಚಳಿಗೂ ಅಲ್ಲ, ಸ್ಟೈಲಿಗೂ ಅಲ್ಲ. ನಾಲ್ಕು ತಿಂಗಳಿಂದ ಆ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಸುಮ್ಮನೆ ತೊಡೆ ಮೇಲಿಟ್ಟರೆ ಪಾಪದ ಕೈ. ನೀರಿನ ಲೋಟ ಎತ್ತಿದರೆ, ಬೀಗಕ್ಕೆ ಕೀಲಿ ಹಾಕಿದರೆ, ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಮೆರಾ ಹಿಡಿದರೆ ಸಾಕು, ಹೆಬ್ಬೆರಳಿನ ಬುಡದಲ್ಲಿ ಸಣ್ಣಗೆ ಶುರುವಾಗಿ ಮಣಿಕಟ್ಟಿನವರೆಗೂ ನಡುಕ.

ಅಕ್ಕ ಎಂಥಾ ಫೋಟೋಗ್ರಾಫರ್ ಅನ್ನುವುದು ಅವಳ ಮುಂದೆ ಕೂತವರಿಗೇ ಗೊತ್ತು. "ನಗಿ" ಅಂತ ಯಾರಿಗೂ ಹೇಳಿದವಳಲ್ಲ. "ಇವತ್ತು ಬೆಳಿಗ್ಗೆಯಿಂದ ಯಾರ ಮೇಲೆ ಸಿಟ್ಟು ಬಂತು, ಹೇಳಿ ನೋಡೋಣ" ಅಂತ ಕೇಳುತ್ತಾಳೆ. ಎದುರಿನವರು ಹೇಳುವುದಕ್ಕೆ ಬಾಯಿ ತೆರೆದು, ಬೇಡ ಅಂತ ನುಂಗಿಕೊಳ್ಳುತ್ತಾರಲ್ಲ, ಆ ಕ್ಷಣಕ್ಕೆ ಕ್ಲಿಕ್. ಪಾಸ್‌ಪೋರ್ಟ್ ಫೋಟೋದಲ್ಲೂ ಮನುಷ್ಯ ಮನುಷ್ಯನ ಹಾಗೇ ಕಾಣುವುದು ಅವಳ ಸ್ಟುಡಿಯೋದಲ್ಲಿ ಮಾತ್ರ. ಇದು ಉತ್ಪ್ರೇಕ್ಷೆ ಅಲ್ಲ, ಬೇಕಾದರೆ ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿಕೊಳ್ಳಿ.

ಅವಳ ಹೆದರಿಕೆಗೆ ಒಂದು ಹಿನ್ನೆಲೆ ಇತ್ತು. ಅವಳ ಅಪ್ಪ ಕ್ಷೌರದ ಅಂಗಡಿಯಲ್ಲಿ ಕತ್ತಿ ಹಿಡಿದವರು. ಐವತ್ತು ದಾಟುತ್ತಿದ್ದಂತೆ ಅವರ ಕೈ ಹೀಗೇ ನಡುಗತೊಡಗಿತು. ಯಾರಿಗೂ ಗಾಯವಾಗಲಿಲ್ಲ, ಯಾರೂ ಒಂದು ಮಾತು ಆಡಲಿಲ್ಲ. ಗಿರಾಕಿಗಳು ಬಂದು ಬೆಂಚಿನ ಮೇಲೆ ಕೂರುವರು, ಅಪ್ಪನ ಕುರ್ಚಿ ಖಾಲಿ ಇದ್ದರೂ "ಪರವಾಗಿಲ್ಲ, ನಂಗೇನೂ ಅರ್ಜೆಂಟಿಲ್ಲ" ಅಂತ ಪೇಪರ್ ಬಿಡಿಸುವರು. ಆರು ತಿಂಗಳಲ್ಲಿ ಅಪ್ಪ ಮನೆಗೆ ಬಂದು ಕೂತರು. ಅಕ್ಕನಿಗೆ ಈಗ ನಲವತ್ತಾರು. ಆ ಬೆಂಚು ಅವಳಿಗೆ ದಿನಾ ಕಾಣುತ್ತಿತ್ತು.

ದೊಡ್ಡ ಕ್ಯಾಮೆರಾ ಮಾರಿ ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ ಕೊಂಡಾಗ "ಬೆನ್ನು ನೋವು ಕಣ್ರೀ" ಅಂದಿದ್ದಳು. ಎಲ್ಲರೂ ನಂಬಿದರು. ಸ್ಟುಡಿಯೋದ ಫ್ಲಾಶ್ ದೀಪಗಳ ಕೆಳಗೆ ತೊಂದರೆಯೇ ಇರಲಿಲ್ಲ, ಆ ಮಿಂಚಿನಲ್ಲಿ ಎಂಥಾ ನಡುಕವೂ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಬಂತು. ಪ್ರೆಸ್ಸಿಗೆ ಐವತ್ತು ವರ್ಷ, ಇಪ್ಪತ್ತೆರಡು ಜನ ಕೆಲಸಗಾರರು, ಒಬ್ಬೊಬ್ಬರದೂ ತಮ್ಮ ಮೆಷಿನ್ ಪಕ್ಕದಲ್ಲೇ ಒಂದು ದೊಡ್ಡ ಮುಖಚಿತ್ರ, ಗೋಡೆ ತುಂಬ. ಷರತ್ತು ಒಂದೇ: ಫ್ಲಾಶ್ ಹೊಡೆಯುವಂತಿಲ್ಲ. ಕಾಗದ ಕತ್ತರಿಸುವ ಮೆಷಿನ್ನಿಗೆ ಬೆಳಕಿನ ಕಣ್ಣೊಂದಿದೆ, ಅಡ್ಡ ಯಾರದಾದರೂ ಕೈ ಬಂದರೆ ಬ್ಲೇಡು ನಿಲ್ಲಿಸುವುದಕ್ಕೆ. ಫ್ಲಾಶ್ ಮಿಂಚಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ, ಬ್ಲೇಡು ಕಾಗದದ ಕಟ್ಟಿನ ನಟ್ಟನಡುವೆ ನಿಲ್ಲುತ್ತದೆ.

ಆ ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ಜೊತೆ ಬಂದ ಲೆನ್ಸಿನಲ್ಲೇ ಹತ್ತು ಫೋಟೋ ತೆಗೆದು ಬಂದಳು. ಸ್ಟುಡಿಯೋದ ಬುಕಿಂಗು, ಪ್ರಿಂಟು, ಜಗಳ ಎಲ್ಲ ನೋಡಿಕೊಳ್ಳುವ ಅವಳ ಅತ್ತಿಗೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರು.

"ಇದೇನೇ, ಮನುಷ್ಯರ ಫೋಟೋನಾ ಇಲ್ಲಾ ದೆವ್ವದ್ದಾ?"

"ಬೆಳಕು ಸಾಲ್ದು ಅತ್ಗೆ. ಲೆನ್ಸ್ ಬೇರೆ ತರ್ಬೇಕು."

"ತಾ ಮತ್ತೆ. ನಿಮ್ಮಣ್ಣಂಗೂ ಒಂದು ತಾ, ಆ ಮನುಷ್ಯಂಗೆ ಎದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ."

ಅತ್ತಿಗೆ ನಕ್ಕರು, ಅಕ್ಕನೂ ನಕ್ಕಳು. ನಗುತ್ತಲೇ ಬಲಗೈಯನ್ನು ಜೇಬಿಗೆ ಸೇರಿಸಿದಳು.

ಲೆನ್ಸಿನಂಗಡಿಯ ಯಜಮಾನರು ಮೊದಲು ಕನ್ನಡಕಕ್ಕೆ ಗಾಜು ಉಜ್ಜುತ್ತಿದ್ದವರು. ಮೂಗಿನ ಮೇಲೊಂದು, ಹಣೆ ಮೇಲೊಂದು ಕನ್ನಡಕ ಇಟ್ಟುಕೊಂಡು ಓಡಾಡುವುದರಿಂದ ಎಲ್ಲರಿಗೂ ಅವರು ನಾಲ್ಕು ಕಣ್ಣಿನ ಮಾವ. ಗಾಜಿನ ಕೌಂಟರಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ಮೂರು ಲೆನ್ಸ್ ಸಾಲಾಗಿಟ್ಟರು.

"ಇದು ಮೂವತ್ತೈದು ಎಂಎಂ. ಮುಖಕ್ಕೆ ಬೇಡ, ಹತ್ರ ಹೋದ್ರೆ ಮೂಗೇ ಮೊದ್ಲು ಬಂದು ಕೂರುತ್ತೆ. ಇದು ಐವತ್ತು, ಒಂದು ಪಾಯಿಂಟ್ ಎಂಟು. ಹಗುರ, ನಿಮ್ಮ ಪುಟ್ಟ ಕ್ಯಾಮೆರಾಗೆ ಹೇಳಿ ಮಾಡಿಸ್ದಂಗಿದೆ. ಇದು ಐವತ್ತಾರು, ಒಂದು ಪಾಯಿಂಟ್ ಎರಡು. ಕಲ್ಲಿನ ಗುಂಡು."

ಆ ಪಾಯಿಂಟಿನ ಲೆಕ್ಕ ತಿರುಗುಮುರುಗು: ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಬೆಳಕು ಜಾಸ್ತಿ. ಬೆಳಕು ಜಾಸ್ತಿ ಸಿಕ್ಕರೆ ಷಟರ್ ಅಷ್ಟು ಬೇಗ ಮುಚ್ಚಿಕೊಳ್ಳುತ್ತದೆ. ಬೇಗ ಮುಚ್ಚಿಕೊಂಡರೆ ಕೈ ನಡುಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ಮೂರು ರಾತ್ರಿ ನಿದ್ದೆಗೆಟ್ಟು ಹಾಕಿದ್ದು ಇಷ್ಟೇ ಲೆಕ್ಕ. ಅವಳ ಕಣ್ಣು ಕಲ್ಲಿನ ಗುಂಡಿನ ಮೇಲೇ ಇತ್ತು.

"ಐವತ್ತಾರೇ ಕೊಡಿ."

"ತಡೀರಿ. ಅದ್ರಲ್ಲಿ ಸರಿಯಾಗಿ ಕಾಣೋದು ಎರಡು ಬೆರಳಷ್ಟು ದಪ್ಪ ಮಾತ್ರ. ಅದ್ರ ಹಿಂದೆ ಮುಂದೆ ಎಲ್ಲಾ ಕರಗೋಗುತ್ತೆ. ಒಂದು ದಿನ ತಗೊಂಡೋಗಿ ನೋಡಿ, ಆಮೇಲೆ ಮಾತು."

ಲೆನ್ಸ್ ಸಿಕ್ಕಿಸುವುದಕ್ಕೆ ಬಲಗೈ ಜೇಬಿನಿಂದ ಬರಲೇಬೇಕಾಯಿತು. ಅಕ್ಕ ಬೇಕಂತಲೇ ಹವೆ, ಬಿಸಿಲು, ರಸ್ತೆ ರಿಪೇರಿ ಅಂತ ಏನೇನೋ ಮಾತಾಡುತ್ತಾ ಹಾಕಿದಳು. ಮಾವ ಹೂಂಗುಟ್ಟುತ್ತಿದ್ದರು.

ಮಾರನೇ ದಿನ ಪ್ರೆಸ್ಸಿನಲ್ಲಿ ಮೊದಲು ಸಿಕ್ಕವರು ಕಾಗದ ಕತ್ತರಿಸುವ ಮೆಷಿನ್ನಿನ ಕಟ್ಟರ್ ಯಜಮಾನರು. ಮೂವತ್ತೊಂದು ವರ್ಷದಿಂದ ಅದೇ ಬ್ಲೇಡಿನ ಮುಂದೆ ನಿಂತು ಹತ್ತೂ ಬೆರಳು ಉಳಿಸಿಕೊಂಡವರು, ಆ ಜಂಬ ಮೀಸೆಯಲ್ಲೇ ಗೊತ್ತಾಗುತ್ತಿತ್ತು.

"ಯಾರ ಮೇಲೆ ಸಿಟ್ಟು ಬಂತು ಇವತ್ತು?"

"ಸಿಟ್ಟಾ? ಮನೇಲಿ ಯಾರಾದ್ರೂ ನಂಗೆ ಸಿಟ್ಟು ಬರಕ್ ಬಿಟ್ರೆ ತಾನೆ" ಅಂದರು. ಬಾಯಿ ಮುಚ್ಚಿದರು. ಕ್ಲಿಕ್.

ಅಕ್ಕ ಇಪ್ಪತ್ತೈದು ವರ್ಷದಿಂದ ಮಾಡಿದ ಹಾಗೇ ಮಾಡಿದಳು. ಚೌಕಟ್ಟಿನ ನಡುಮಧ್ಯದ ಚುಕ್ಕೆಯನ್ನು ಕಣ್ಣಿನ ಮೇಲಿಟ್ಟು ಫೋಕಸ್ ಹಿಡಿಯುವುದು, ಬೆರಳು ಎತ್ತದೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ ಮೆಷಿನ್ನಿಗೂ ಜಾಗ ಮಾಡಿಕೊಡುವುದು, ಒತ್ತುವುದು. ಹೊಸ ಕ್ಯಾಮೆರಾ ಕಣ್ಣನ್ನು ತಾನೇ ಹುಡುಕಿಕೊಳ್ಳಬಲ್ಲದು ನಿಜ, ಆದರೆ ಆ ಹಳದಿ ಚೌಕ ನೊಣದ ಹಾಗೆ ಹಾರುತ್ತದೆಂದು ಮೊದಲ ವಾರವೇ ಅದನ್ನು ಆಫ್ ಮಾಡಿಟ್ಟಿದ್ದಳು. ಷಟರ್ ಐನೂರರಲ್ಲಿತ್ತು. ಸೆಕೆಂಡಿನ ಐನೂರರಲ್ಲಿ ಒಂದು ಭಾಗ. ಅಷ್ಟರಲ್ಲಿ ಓಡುವ ನಾಯಿಯೂ ನಿಂತಂತೆ ಕಾಣುತ್ತದೆ, ಇನ್ನು ಕೈ ಯಾವ ಲೆಕ್ಕ. ಅಂದು ಅವಳು ಹನ್ನೊಂದು ಜನರ ಫೋಟೋ ತೆಗೆದಳು.

ಸ್ಟುಡಿಯೋಗೆ ಬಂದು, ಅತ್ತಿಗೆ ಬ್ಯಾಂಕಿಗೆ ಹೋದ ಸಮಯ ನೋಡಿಕೊಂಡು, ಬಾಗಿಲು ಚಿಲಕ ಹಾಕಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು. ಕಟ್ಟರ್ ಯಜಮಾನರ ಕಣ್ಣು ಮಂಜು. ಎರಡನೆಯವರದೂ ಮಂಜು. ಮೂರು, ನಾಲ್ಕು. ಹನ್ನೊಂದಕ್ಕೆ ಹನ್ನೊಂದೂ.

ಮತ್ತೆ ಮೊದಲಿನಿಂದ ನೋಡಿದಳು. ಐನೂರರಲ್ಲೂ ನಿಲ್ಲದಷ್ಟು ನಡುಗುತ್ತಿದೆಯೇ ಈ ಕೈ? ಹಾಗಾದರೆ ಇದು ಅಪ್ಪನದಕ್ಕಿಂತ ಜೋರು. ಅಪ್ಪನಿಗೆ ಆರು ತಿಂಗಳಾದರೂ ಸಿಕ್ಕಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ನೀರು ಕುಡಿಯಬೇಕೆಂದರೆ ಲೋಟ ಎತ್ತಬೇಕು. ಲೋಟ ಎತ್ತಿದರೆ ಅದು ಮತ್ತೆ ಕಾಣುತ್ತದೆ. ಎತ್ತಲಿಲ್ಲ. ಅತ್ತಿಗೆ ಬಂದು ಬಾಗಿಲು ತಟ್ಟಿದಾಗ ಎಲ್ಲ ಮುಚ್ಚಿ, "ಕಾರ್ಡ್ ಇನ್ನೂ ಕಂಪ್ಯೂಟರಿಗೆ ಹಾಕಿಲ್ಲ ಅತ್ಗೆ" ಅಂದಳು. ಒಟ್ಟಿಗೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಅತ್ತಿಗೆಗೆ ಹೇಳಿದ ಎರಡನೇ ಸುಳ್ಳು ಅದು. ಮೊದಲನೆಯದು ಬೆನ್ನು ನೋವು.

ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುವ ಹೊತ್ತಿಗೇ ಹೋಗಿ ನಿಂತಳು. ಲೆನ್ಸು, ಅದರ ಜೊತೆಗೆ ಕ್ಯಾಮೆರಾ, ಚಾರ್ಜರ್, ಪಟ್ಟಿ ಎಲ್ಲ ಕೌಂಟರ್ ಮೇಲಿಟ್ಟಳು.

"ಇದೆಲ್ಲಾ ಇಟ್ಕೊಂಬಿಡಿ. ಯಾರಾದ್ರೂ ತಗೊಳೋರಿದ್ರೆ ಕೊಡಿ."

ಮಾವ ಕ್ಯಾಮೆರಾ ಎತ್ತಿಕೊಂಡು ಹಣೆಯ ಕನ್ನಡಕವನ್ನೂ ಮೂಗಿಗಿಳಿಸಿ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡುತ್ತಾ ಹೋದರು. ಅಕ್ಕ ಬೀದಿಯ ಕಡೆ ಮುಖ ಮಾಡಿ ನಿಂತಳು. ಆಸ್ಪತ್ರೆಯಲ್ಲಿ ರಿಪೋರ್ಟು ಓದಲು ಡಾಕ್ಟರಿಗೆ ಕೊಟ್ಟು ಕೂತವರು ಹೀಗೇ ಕಿಟಕಿ ನೋಡುವುದು.

"ಈ ಮೀಸೆಯವ್ರ ಕಿವಿ ನೋಡಿದ್ರಾ?"

"ಕಿವಿ ಯಾಕ್ ನೋಡ್ಲಿ ಮಾವ. ಕಣ್ಣೇ ಇಲ್ದ ಮೇಲೆ."

"ಬನ್ನಿ ಇಲ್ಲಿ. ಕಿವಿಯೊಳಗಿನ ಕೂದ್ಲು ಎಣಿಸ್ಬೋದು. ಇವ್ರದ್ದೂ ನೋಡಿ, ಕಿವಿ ಪಕ್ಕಾ. ಇವಮ್ಮಂದು ಓಲೆ ಪಕ್ಕಾ. ಎಲ್ರದ್ದೂ ಕಿವಿ ಚೆಂದ ತೆಗ್ದಿದೀರ, ಯಾರಾದ್ರೂ ಕಿವಿ ಡಾಕ್ಟ್ರು ಆರ್ಡರ್ ಕೊಟ್ಟಿದ್ರಾ?"

ಅಕ್ಕ ಬಗ್ಗಿ ನೋಡಿದಳು. ಹೌದು.

"ಕೈ ನಡುಗಿದ್ರೆ ಕಿವಿನೂ ಉಳೀತಿರ್ಲಿಲ್ಲ. ಎಲ್ಲಾ ಒಟ್ಟಿಗೆ ಅಲುಗ್ತಿತ್ತು. ಇದು ನಡುಕ ಅಲ್ಲ, ನಿಮ್ಮ ಹಳೇ ಚಾಳಿ. ನಡುವಲ್ಲಿ ಫೋಕಸ್ ಹಿಡ್ದು ಆಮೇಲೆ ತಿರುಗಿಸ್ತೀರ ತಾನೆ? ತಿರುಗಿಸ್ದಾಗ ಫೋಕಸ್ಸು ಕಣ್ಣಿಂದ ಜಾರಿ ಹಿಂದಕ್ಕೆ, ಕಿವಿಗೆ ಹೋಗಿ ಕೂತಿದೆ. ಹಳೇ ಲೆನ್ಸಲ್ಲಾದ್ರೆ ತಡ್ಕೊಳ್ತಿತ್ತು. ಇದು ಎರಡು ಬೆರಳು ದಪ್ಪದ್ದು, ತಡ್ಕೊಳಲ್ಲ."

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅಕ್ಕನ ಕಿವಿಗೆ ಬಿದ್ದಿದ್ದು ನಡುಕ ಅನ್ನುವ ಪದ ಮಾತ್ರ.

"ಕೈ ನಡುಗುತ್ತೆ ಅಂತ ನಾನು ನಿಮ್ಗೆ ಹೇಳೇ ಇಲ್ವಲ್ಲ."

ಮಾವ ಒಂದು ಕನ್ನಡಕ ತೆಗೆದು ಬಟ್ಟೆಯಲ್ಲಿ ಒರೆಸತೊಡಗಿದರು. "ಮೊನ್ನೆ ಲೆನ್ಸ್ ಸಿಕ್ಕಿಸೋವಾಗ ಮೂರು ಸಲ ತಪ್ಪಿಸ್ಕೊಳ್ತು. ರಸ್ತೆ ರಿಪೇರಿ ವಿಷ್ಯ ಬೇರೆ ನಾಲ್ಕು ಸಲ ಹೇಳಿದ್ರಿ."

ಅಂದರೆ ಕಾಣುತ್ತಿದೆ. ಹೊರಗಿನವರಿಗೂ ಕಾಣುತ್ತಿದೆ. ಇನ್ನೂ ಎಷ್ಟು ಜನ ನೋಡಿ ಸುಮ್ಮನಿದ್ದಾರೋ. ಅವಳು ಬಾಗಿಲ ಕಡೆ ತಿರುಗಿದಳು.

"ನನ್ನೇ ಒಂದು ತೆಗೀರಿ" ಅಂದರು ಮಾವ. "ಷಟರ್ ಅರವತ್ತಕ್ಕಿಡಿ. ನಿಧಾನ."

ತೆಗೆದಳು. ಮಾವನ ಕಿವಿ, ಕಣ್ಣು, ಎರಡೂ ಕನ್ನಡಕ, ಹಿಂದಿನ ಕಪಾಟು ಎಲ್ಲವೂ ಒಂದೇ ದಿಕ್ಕಿಗೆ ಗೀಚಿದಂತೆ ಎಳೆದುಹೋಗಿದ್ದವು. ಇದಕ್ಕೆ ಹಳೇ ಚಾಳಿಯ ನೆಪವಿರಲಿಲ್ಲ. 

"ಇದು ನಡುಕ" ಅಂದಳು ಅಕ್ಕ. ಅದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು, ಧ್ವನಿ ಬೇರೆ ಯಾರದೋ ಅನ್ನಿಸಿತು.

"ಹೂಂ. ಇದು ನಡುಕ." ಮಾವ ಎರಡು ಲೆನ್ಸನ್ನೂ ಅವಳ ಮುಂದೆ ಸರಿಸಿದರು. "ಐವತ್ತಾರು ತಗೊಂಡ್ರೆ ಕೈಲೇ ಹಿಡ್ದು ತೆಗೀಬೋದು, ಯಾರಿಗೂ ಗೊತ್ತಾಗಲ್ಲ. ಕ್ಯಾಮೆರಾನೇ ಕಣ್ಣು ಹುಡುಕ್ಲಿ ಅಂತ ಬಿಟ್ರೂ ಒಂದು ಕಣ್ಣು ಸಿಕ್ರೆ ಇನ್ನೊಂದು ಹೋಗುತ್ತೆ, ಮುಖ ಪೂರ್ತಿ ಯಾವತ್ತೂ ಸಿಗಲ್ಲ. ಐವತ್ತು ತಗೊಂಡ್ರೆ, ಇನ್ನೂ ಚೂರು ಬಾಯಿ ಕಿರಿದು ಮಾಡಿ, ಮೀಸೆಯಿಂದ ಕಿವಿವರೆಗೂ ಸಿಗುತ್ತೆ. ಆದ್ರೆ ಆ ಕತ್ಲಲ್ಲಿ ಷಟರ್ ನಿಧಾನ ಆಗುತ್ತೆ. ಕೈಲಾಗಲ್ಲ, ಕೆಳಗೆ ಒಂಟಿ ಕಾಲಿನ ಸ್ಟ್ಯಾಂಡ್ ಬೇಕು. ಜನ ಕೇಳ್ತಾರೆ, ಅದ್ಯಾಕೆ ಅಂತ."

ಹೀಗೆ ಲೆನ್ಸ್ ಆರಿಸುವ ಮಾತು ಕೊನೆಗೆ ಬಂದು ನಿಂತಿದ್ದು ಬಚ್ಚಿಡುವುದೋ, ತೋರಿಸುವುದೋ ಅನ್ನುವಲ್ಲಿಗೆ. ಅಕ್ಕ ಐವತ್ತಾರನ್ನು ಎತ್ತಿಕೊಂಡಳು, ಇಟ್ಟಳು. ಮತ್ತೆ ಎತ್ತಿಕೊಂಡಳು. ಕಟ್ಟರ್ ಯಜಮಾನರ ಮಂಜುಗಣ್ಣು ಗೋಡೆಯ ಮೇಲೆ ಎರಡಡಿ ಎತ್ತರಕ್ಕೆ ನಿಂತಿರುವುದನ್ನು ನೆನೆದಳು. ಅದರ ಕೆಳಗೆ ತನ್ನ ಹೆಸರು. ಅದನ್ನು ಇಟ್ಟು ಐವತ್ತನ್ನು ಎತ್ತಿಕೊಂಡಳು.

ಪ್ರೆಸ್ಸಿನಲ್ಲಿ ಒಂಟಿ ಕಾಲಿನ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಿದಳು. ಕಟ್ಟರ್ ಯಜಮಾನರು ಕೇಳಿಯೇಬಿಟ್ಟರು.

"ಮೊನ್ನೆ ಈ ಕೋಲು ಇರ್ಲಿಲ್ವಲ್ಲ ತಾಯಿ. ಯಾಕೆ?"

"ಕೈ ನಡುಗುತ್ತೆ ಯಜಮಾನ್ರೆ. ಅದ್ಕೆ."

ಯಜಮಾನರು ಅಯ್ಯೋ ಪಾಪ ಅನ್ನಲಿಲ್ಲ, ಪರವಾಗಿಲ್ಲ ಅನ್ನಲಿಲ್ಲ. ಬ್ಲೇಡು ಇಳಿಯಿತು, ಏರಿತು. ಅಕ್ಕ ಈ ಸಲ ಚುಕ್ಕೆಯನ್ನು ನಡುಮಧ್ಯದಿಂದ ಸರಿಸಿ ಅವರ ಕಣ್ಣಿನ ಮೇಲೇ ಕೂರಿಸಿದಳು, ಕ್ಯಾಮೆರಾ ತಿರುಗಿಸಲಿಲ್ಲ. ಸಿಟ್ಟಿನ ಪ್ರಶ್ನೆ ಕೇಳುವುದು ಮರೆತೇಹೋಯಿತು.  ಬೆರಳು ನಡುಗಿತು, ಒತ್ತಿದಳು.

ಸಂಜೆ ಅತ್ತಿಗೆ ಇದ್ದಾಗಲೇ, ಬಾಗಿಲು ತೆರೆದಿಟ್ಟೇ, ಚಿತ್ರ ತೆರೆದಳು. ಮೀಸೆ, ಮೂಗು, ಎರಡೂ ಕಣ್ಣು, ಕಣ್ಣಿನ ಸುತ್ತ ಕಾಗದದ ಧೂಳು ಕೂತ ಗೆರೆ, ಎಲ್ಲ ಇತ್ತು. ಆದರೆ ಆ ಕಣ್ಣುಗಳು ಲೆನ್ಸನ್ನು ನೋಡುತ್ತಿರಲಿಲ್ಲ. ಸ್ವಲ್ಪ ಕೆಳಗೆ, ಒಂದು ಪಕ್ಕಕ್ಕೆ ನೆಟ್ಟಿದ್ದವು. ಮೂವತ್ತೊಂದು ವರ್ಷ ತನ್ನ ಬೆರಳುಗಳನ್ನು ಕಾದುಕೊಂಡು ಬಂದ ಮನುಷ್ಯ ಇನ್ನೊಬ್ಬರ ಬೆರಳು ನೋಡುವ ನೋಟ ಅದು. ಜಂಬವೆಲ್ಲ ಇಳಿದು, ಸ್ವಲ್ಪ ಹೆದರಿ. ಅಕ್ಕ ತೆಗೆದ ಫೋಟೋಗಳಲ್ಲೇ ಅಂಥದ್ದು ಇನ್ನೊಂದಿಲ್ಲ.

ಅತ್ತಿಗೆ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣೇ. ಎಲ್ಲಿ ನೋಡ್ತಿದಾರೆ ಇವ್ರು?"

"ನನ್ನ ಕೈನ."

"ನಿನ್ ಕೈಲೇನಿತ್ತು?"

ಅಕ್ಕ ಮೇಜಿನ ಮೇಲಿದ್ದ ಲೋಟವನ್ನು ಬಲಗೈಯಲ್ಲಿ ಎತ್ತಿ ಹಿಡಿದಳು. ನೀರು ಅಂಚಿನಿಂದಂಚಿಗೆ ಓಡಾಡಿ, ಕೀಬೋರ್ಡಿನ ಮೇಲೆ ಎರಡು ಹನಿ ಬಿತ್ತು. ಅತ್ತಿಗೆಯ ಮುಖದಲ್ಲಿ ನಗೆ ಇರಲಿಲ್ಲ.

"ಯಾವಾಗಿಂದ?"

"ನಾಲ್ಕು ತಿಂಗ್ಳು."

"ಹನ್ನೊಂದು ವರ್ಷ ಒಂದೇ ಮೇಜಲ್ಲಿ ಕೂತು ನಂಗೆ ಕಾಣ್ಲಿಲ್ವಲ್ಲೇ. ಕಣ್ಣು ಕಾಣಲ್ಲ ಅಂತ ನಿಮ್ಮಣ್ಣನ್ನ ಆಡ್ಕೋತೀನಿ ನಾನು." ಅತ್ತಿಗೆ ಲೋಟ ತೆಗೆದುಕೊಂಡು ಕೆಳಗಿಟ್ಟು, ಡೈರಿ ಎಳೆದು, ಮಾರನೇ ದಿನದ ಎರಡು ಬುಕಿಂಗ್ ಹೊಡೆದುಹಾಕಿದರು. "ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟ್ರ ಹತ್ರ. ನಾನೂ ಬರ್ತೀನಿ."

"ಹೆದ್ರಿಕೆ ಆಗುತ್ತೆ ಅತ್ಗೆ."

"ನಂಗೂ" ಅಂದರು ಅತ್ತಿಗೆ, ಒರೆಸುವ ಬಟ್ಟೆ ಹುಡುಕುತ್ತಾ.